ನೋಡಿ ಹೋದವನು, ನೆಟ್ಟು ಹೋದವನು

(ಬೀದರ್ ನಗರದಲ್ಲಿ, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮಲೆನಾಡಿನಿಂದ ಬಂದ ನಾನು ನಿಮ್ಮ ಊರಿಗೆ ಹೊರಗಿನವನು. ಆದರೆ ಇಲ್ಲಿಗೆ ನನಗಿಂತ ಬಹು ದೂರದಿಂದ ಬಂದವನೊಬ್ಬನಿದ್ದಾನೆ. ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್, 1470ರ ಆಸುಪಾಸಿನಲ್ಲಿ ಚೌಲ್ ಬಂದರಿನಲ್ಲಿಳಿದು, ಜುನ್ನರ್ ಮಾರ್ಗವಾಗಿ ಒಂದು ಕುದುರೆಯೊಡನೆ ಬೀದರಿಗೆ ಬಂದನು. ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಟ್ಟಿಗೇ ಬರೆದಿಟ್ಟನು. ತಾನು ಕ್ರೈಸ್ತನೆಂದು ತಿಳಿಸಿದ ಮೇಲೆ ಇಲ್ಲಿನ ಹಿಂದೂಗಳು ತಮ್ಮ ಊಟ, ಪೂಜೆಗಳನ್ನು ಮರೆಮಾಡಲಿಲ್ಲವೆಂದು ಹೇಳಿದ್ದಾನೆ. ಅವರೊಡನೆ ಶ್ರೀಶೈಲಕ್ಕೂ ಹೋಗಿಬಂದನು. ಕುದುರೆ ಮಾರಿ ಹಿಂದಿರುಗಿದವನು ತವರು ತಲುಪುವ ಮುನ್ನವೇ ತೀರಿಕೊಂಡನು. ಇಲ್ಲಿನ ಗೇಣು ನೆಲವನ್ನೂ ತನ್ನ ದೊರೆಯದೆಂದು ಅವನು ಹೇಳಲಿಲ್ಲ.

ಇದಕ್ಕೆ ಅವನ ಸಜ್ಜನಿಕೆಯೊಂದೇ ಕಾರಣವಲ್ಲ. ಅವನು ಒಂಟಿ ವ್ಯಾಪಾರಿ. ಬಹಮನಿ ರಾಜಧಾನಿಯಾದ ಬೀದರಿಗೆ ಕೋಟೆಯಿತ್ತು, ಸೇನೆಯಿತ್ತು, ಮಹಮೂದ್ ಗವಾನನಂಥ ಮಂತ್ರಿಯಿದ್ದನು.

ಅದೇ ಕಾಲಘಟ್ಟದಲ್ಲಿ ಭೂಮಿಯ ಇನ್ನೊಂದು ಪಾರ್ಶ್ವದಲ್ಲಿ ನಡೆದದ್ದು ಬೇರೆಯೇ. ಕ್ರೈಸ್ತರಿಗೆ ಈವರೆಗೆ ತಿಳಿಯದ ನಾಡುಗಳನ್ನು ವಶಪಡಿಸಿಕೊಳ್ಳಲು ಇಂಗ್ಲೆಂಡಿನ ಏಳನೆಯ ಹೆನ್ರಿ 1496ರಲ್ಲಿ ಜಾನ್ ಕ್ಯಾಬಟ್‌ಗೆ ಅಧಿಕಾರಪತ್ರ ಕೊಟ್ಟನು. ಮರುವರ್ಷವೇ ಕ್ಯಾಬಟ್ ಉತ್ತರ ಅಮೆರಿಕದ ಕರಾವಳಿಯನ್ನು ಮುಟ್ಟಿದನು. ಜನ ಬಾಳುತ್ತಿದ್ದ ನೆಲವದು. ಆದರೆ ಯುರೋಪಿನ ಕಾಗದದಲ್ಲಿ ಅವರ ಹೆಸರಿರಲಿಲ್ಲ.

1534ರ ಜುಲೈ 24ರಂದು ಫ್ರಾನ್ಸಿನ ಜಾಕ್ ಕಾರ್ತಿಯೆ, ಇಂದಿನ ಕೆನಡಾದ ಗಾಸ್ಪೆಯಲ್ಲಿ ಮೂವತ್ತು ಅಡಿ ಎತ್ತರದ ಶಿಲುಬೆ ನೆಟ್ಟು, ತನ್ನ ದೊರೆಗೆ ಜಯಕಾರ ಬರೆಸಿದನು. ಅಲ್ಲಿನ ನಾಯಕ ಡೊನ್ನಕೊನಾ ದೋಣಿಯಲ್ಲಿ ಬಂದು, ಸುತ್ತಲ ನೆಲವನ್ನು ತೋರಿಸಿ, ಇದೆಲ್ಲ ನಮ್ಮದೆಂಬಂತೆ ದೀರ್ಘವಾಗಿ ಮಾತನಾಡಿದನು. ಬಂದವರು ಕೊಟ್ಟ ಉತ್ತರವೇನು? ಇದು ಹಡಗುಗಳಿಗೆ ದಾರಿ ತೋರುವ ಗುರುತು ಮಾತ್ರ ಎಂದು! ಅವನ ಇಬ್ಬರು ಮಕ್ಕಳನ್ನು ಫ್ರಾನ್ಸಿಗೆ ಕರೆದೊಯ್ದರು. 1536ರಲ್ಲಿ ಡೊನ್ನಕೊನಾನನ್ನೇ ಸೆರೆಹಿಡಿದು ಸಾಗಿಸಿದರು; ಅವನು ಪರದೇಶದಲ್ಲೇ ಸತ್ತನು.

ಮೂಲನಿವಾಸಿಗಳಿಗೆ ವಾಸದ ಹಕ್ಕು ಮಾತ್ರ, ಒಡೆತನ 'ಕಂಡುಹಿಡಿದ'ವರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1823ರಲ್ಲಿ ತೀರ್ಪಿತ್ತಿತು. ಈ ಸಿದ್ಧಾಂತವನ್ನು 2023ರಲ್ಲಿ ವ್ಯಾಟಿಕನ್ ನಿರಾಕರಿಸಿತು. ನಿರಾಕರಣೆಯಿಂದ ನೆಲವೇನೂ ಮರಳಿ ಬರಲಿಲ್ಲ.

ಮಿತ್ರರೇ, ಇದು ಬರಿಯ ದೂರದೇಶದ ಕಥೆಯಲ್ಲ. ನಿಮ್ಮಲ್ಲಿ ಗಾಯರಾಣವಿದೆ, ನಮ್ಮಲ್ಲಿ ಸೊಪ್ಪಿನ ಬೆಟ್ಟವಿದೆ. ದನ ಮೇಯುವ, ಸೊಪ್ಪು ಸೌದೆ ಕೊಡುವ, ಮಳೆನೀರು ಇಂಗಿಸುವ ಇಂಥ ನೆಲವನ್ನು 'ಬೀಳು' ಎಂದೊಮ್ಮೆ ಕರೆದುಬಿಟ್ಟರೆ ಸಾಕು, ಶಿಲುಬೆ ನೆಡುವ ಅಗತ್ಯವೇ ಇಲ್ಲ. ಹೊರಗಿನವರಷ್ಟೇ ಅಲ್ಲ, ಊರಿನ ಬಲಾಢ್ಯರೂ ಬೇಲಿ ಸರಿಸುತ್ತಾರೆ. ಗ್ರಾಮಗಳ ಸಾಮೂಹಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2011ರಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಊರವರಿಗೇ ಎಲ್ಲೆ ತಿಳಿಯದಿದ್ದರೆ ಆ ಆದೇಶದಿಂದ ಪ್ರಯೋಜನವೇನು?

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ರಜೆಯಲ್ಲಿ ಊರಿಗೆ ಹೋದಾಗ ಹಿರಿಯರೊಡನೆ ಗಾಯರಾಣದ ಎಲ್ಲೆಯನ್ನು ನಡೆದು ನೋಡಿ. ಹಳ್ಳ, ಬಾವಿ, ಮರಗಳ ಹೆಸರುಗಳನ್ನು ಬರೆದುಕೊಳ್ಳಿ. ಪಹಣಿಯೊಡನೆ ಹೋಲಿಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ.

ಡೊನ್ನಕೊನಾ ಆಡಿದ ಮಾತು ಇಂದು ನಮಗೆ ತಿಳಿದಿರುವುದು ಶಿಲುಬೆ ನೆಟ್ಟವರ ಬರಹದಿಂದ. ನಮ್ಮ ಮಾತನ್ನು ನಾವೇ ಬರೆದಿಡೋಣ.