ಹಳೆಯ ತೋಟಾ, ಹೊಸ ತೋಟಾ



ಬೇಟೆಯ ರೈಫಲ್ಲುಗಳಿಗೆಂದು ಹೊರದೇಶಗಳ ಪೇಟೆಗೆ ಹೊಸ ಹೊಸ ತೋಟಾಗಳು ಬರುತ್ತಲೇ ಇವೆ. ಅವು ಹಳೆಯವುಗಳಿಗಿಂತ ನಿಜವಾಗಿಯೂ ಮೇಲೋ? ಬೇಟೆ ನಿಷಿದ್ಧವಾದ ನಮ್ಮ ನಾಡಿನಲ್ಲಿ, ಅದರಲ್ಲೂ ಚಿಗರಿಗಳ ನೆಲೆಯಾದ ರಾಣೆಬೆನ್ನೂರಿನಲ್ಲಿ, ಈ ಪ್ರಶ್ನೆ ಅನವಶ್ಯಕವೆನಿಸಬಹುದು. ಆದರೆ ಇದನ್ನು ವಿಚಾರಿಸಲು ಇದೇ ತಕ್ಕ ಸ್ಥಳವೆಂದು ನನ್ನ ಭಾವನೆ.

ತೋಟಾದ ಇತಿಹಾಸದಲ್ಲಿ ದೊಡ್ಡ ಕ್ರಾಂತಿ ನಡೆದದ್ದು 1880ರ ದಶಕದಲ್ಲಿ. ದಟ್ಟ ಹೊಗೆಯ ಕರಿಮದ್ದನ್ನು ಬಿಟ್ಟು ಫ್ರೆಂಚರು ಹೊಗೆಯಿಲ್ಲದ ಮದ್ದನ್ನು ತಂದರು. ಗುಂಡು ಕಿರಿದಾಯಿತು, ವೇಗ ಬಹುವಾಗಿ ಹೆಚ್ಚಿತು. ಮರುದಶಕದಲ್ಲಿ ಹುಟ್ಟಿದ 7 ಮಿ.ಮೀ. ಮೌಸರ್ ತೋಟಾದ ರೈಫಲ್ಲೇ, ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದದ್ದು. ತೇಜಸ್ವಿಯವರ ಅನುವಾದಗಳಿಂದ ಕನ್ನಡಿಗರಿಗೆ ಪರಿಚಿತರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸಿದ .405 ವಿಂಚೆಸ್ಟರ್ ತೋಟಾ 1904ರದು. ಇಬ್ಬರೂ ಹುಲಿಯ ಸನಿಹಕ್ಕೆ ಹೋಗಲೇಬೇಕಾಗಿತ್ತು. ಆ ಸನಿಹದಲ್ಲಿ ಇಂದಿನ ತೋಟಾ ಹೆಚ್ಚಿನದೇನನ್ನೂ ಸಾಧಿಸಲಾರದು.

ಹಾಗಾದರೆ 2007ರಲ್ಲಿ ಬಂದ 6.5 ಕ್ರೀಡ್‌ಮೂರ್‌ನಂಥ ತೋಟಾದ ಹೆಚ್ಚುಗಾರಿಕೆಯೇನು? ಅದರ ನೀಳವಾದ ಗುಂಡು ಗಾಳಿಗೆ ಕಡಿಮೆ ಸರಿಯುತ್ತದೆ, ವೇಗವನ್ನು ಉಳಿಸಿಕೊಳ್ಳುತ್ತದೆ. ಹೆಗಲಿಗೆ ಒದೆತವೂ ಮಿತ. ನೂರಿನ್ನೂರು ಗಜಗಳೊಳಗೆ ಈ ವ್ಯತ್ಯಾಸ ಅತ್ಯಲ್ಪ. ಐದುನೂರು ಗಜ ದಾಟಿದ ಮೇಲೆ ಎದ್ದು ಕಾಣುತ್ತದೆ. ಒಟ್ಟಿನಲ್ಲಿ ಬೇಟೆಗಾರನಿಗೆ ಹೊಸದಾಗಿ ದೊರೆತದ್ದು ದೂರ.

ಬಯಲಿನ ಚಿಗರಿಗೆ ಇರುವ ಆಸರೆಯೂ ಆ ದೂರವೇ. ತೀಕ್ಷ್ಣವಾದ ಕಣ್ಣು, ಗಂಟೆಗೆ ಸುಮಾರು 80 ಕಿ.ಮೀ. ಓಟ: ಇವು ತೋಳನನ್ನು ತಪ್ಪಿಸಿಕೊಳ್ಳಲು ನೆರವಾದಾವು, ಸೆಕೆಂಡಿಗೆ 800 ಮೀಟರಿನಷ್ಟು ಸಾಗುವ ಗುಂಡಿನೆದುರು ಸಾಲವು. ಹಳೆಯ ತೋಟಾಗಳೂ, ಬಯಲನ್ನು ಹೊಲವಾಗಿಸಿದ ನೇಗಿಲೂ ಕೂಡಿ ದೇಶದಲ್ಲಿ ಚಿಗರಿಯ ಸಂತತಿಯನ್ನು ಕ್ಷೀಣಿಸಿದ್ದವು. ಆದ್ದರಿಂದಲೇ 1972ರ ಕಾಯಿದೆ ಬೇಕಾಯಿತು. 1974ರಲ್ಲಿ ಇಲ್ಲಿ 119 ಚದರ ಕಿ.ಮೀ.ಗಳ ಅಭಯಾರಣ್ಯವಾಯಿತು. ಗೋವಿನಜೋಳದ ಹೊಲಕ್ಕೆ ಹಿಂಡು ನುಗ್ಗಿದಾಗ ರೈತನಿಗಾಗುವ ಸಂಕಟ ಸುಳ್ಳಲ್ಲ. ಅದಕ್ಕೆ ಸಕಾಲದಲ್ಲಿ ಪರಿಹಾರ ಸಲ್ಲಬೇಕು. ತೋಟಾ ಅದಕ್ಕೆ ಉತ್ತರವಾಗದು.

ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನು ರಥವೇರಿ ಜಿಂಕೆಯ ಬೆನ್ನಟ್ಟುತ್ತಾನೆ. ಬಾಣ ಬಿಡುವಷ್ಟು ಹತ್ತಿರವಾದಾಗ ತಾಪಸರು ನಡುವೆ ಬಂದು ತಡೆಯುತ್ತಾರೆ; ಅರಸನು ಬಾಣವನ್ನು ಹಿಂತೆಗೆಯುತ್ತಾನೆ. ಹತ್ತಿರ ಹೋಗಬೇಕಾಗಿದ್ದುದರಿಂದಲೇ, ಬೇಡವೆನ್ನುವವರಿಗೆ ನಡುವೆ ನಿಲ್ಲಲು ಎಡೆಯಿತ್ತು. ಹೊಸ ತೋಟಾ ಆ ಎಡೆಯನ್ನು ಅಳಿಸಿಬಿಡುತ್ತದೆ. ಗುರಿಹಲಗೆಯ ಮುಂದೆ ಅದನ್ನು ಸುಧಾರಣೆಯೆಂದು ಒಪ್ಪುತ್ತೇನೆ. ಜೀವವಿರುವ ಬಯಲಿನಲ್ಲಿ ಆ ಹೆಸರಿನಿಂದ ಕರೆಯಲಾರೆ.