ಹಾರುವ ತಟ್ಟೆ, ಗಣ್ಯರ ಮಾತು ಮತ್ತು ಪ್ರಮಾಣ ವಿಚಾರ

(ಕುರ್ಲಾದಲ್ಲಿ ನಡೆದ ಉಪನ್ಯಾಸದ ಬರಹರೂಪ)



ಅನ್ಯಗ್ರಹದ ಜೀವಿಗಳು ವಿಮಾನವೇರಿ ಭೂಮಿಗೆ ಬಂದು ಹೋಗುತ್ತಿವೆ ಎಂಬ ಸುದ್ದಿ ಹೊಸದೇನೂ ಅಲ್ಲ. 1947ರ ಜೂನ್ 24ರಂದು ಕೆನೆತ್ ಅರ್ನಾಲ್ಡ್ ಎಂಬ ಅಮೆರಿಕದ ವಿಮಾನ ಚಾಲಕನು ರೇನಿಯರ್ ಪರ್ವತದ ಸಮೀಪ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡುದಾಗಿ ಹೇಳಿದನು. ನೀರಿನ ಮೇಲೆ ಬೀಸಿ ಎಸೆದ ಬಸಿಯು ಪುಟಿಪುಟಿದು ಸಾಗುವಂತೆ ಅವು ಚಲಿಸಿದವು ಎಂಬುದು ಅವನ ವರ್ಣನೆ. ಬಸಿಯ ಹೋಲಿಕೆ ಇದ್ದುದು ಚಲನೆಗೆ. ಪತ್ರಿಕೆಗಳು ಅದನ್ನು ಆಕಾರಕ್ಕೆ ಅಂಟಿಸಿ ‘ಹಾರುವ ತಟ್ಟೆ’ ಎಂದು ನಾಮಕರಣ ಮಾಡಿದವು. ಆಮೇಲೆ ಲೋಕದಲ್ಲಿ ಅನೇಕರಿಗೆ ಕಂಡುದೆಲ್ಲ ತಟ್ಟೆಯ ಆಕಾರದಲ್ಲಿಯೇ ಕಂಡಿತೆಂಬುದು ಸ್ವಾರಸ್ಯದ ಸಂಗತಿ.

ಇಂದು ಈ ಸುದ್ದಿ ಮನೆಯ ಪಡಸಾಲೆಗೆ ಬರುವುದು ಮೊಬೈಲಿನ ಮೂಲಕ, ಅದೂ ಯಾರಾದರೊಬ್ಬ ಖ್ಯಾತರ ಮುಖದೊಂದಿಗೆ. ಅಮೆರಿಕದ ಅಧ್ಯಕ್ಷರೇ ಕಂಡಿದ್ದಾರಂತೆ, ಚಂದ್ರನ ಮೇಲೆ ನಡೆದವರೇ ಹೇಳಿದ್ದಾರಂತೆ ಎಂದು ಮಕ್ಕಳು ಬಂದು ಕೇಳುತ್ತಾರೆ. ಆಗ ಹಿರಿಯರು ‘ಎಲ್ಲ ಸುಳ್ಳು’ ಎಂದು ಗದರಿಸುವುದುಂಟು. ಅಥವಾ ‘ಅಷ್ಟು ದೊಡ್ಡವರು ಹೇಳಿದ ಮೇಲೆ ಇದ್ದೀತು’ ಎಂದು ತಲೆದೂಗುವುದೂ ಉಂಟು. ಎರಡೂ ಉತ್ತರಗಳಲ್ಲಿ ವಿಚಾರಕ್ಕೆ ಎಡೆಯಿಲ್ಲ. ಮಕ್ಕಳಾದರೋ ಉತ್ತರಕ್ಕಿಂತ ಹೆಚ್ಚಾಗಿ ಉತ್ತರಿಸುವ ರೀತಿಯನ್ನು ಕಲಿಯುತ್ತಾರೆ.

ಪ್ರಮಾಣಗಳ ಚರ್ಚೆಯ ನಡುವೆಯೇ ಬೆಳೆದ ಮನೆತನಗಳಿಗೆ ಈ ಪ್ರಶ್ನೆ ಅಪರಿಚಿತವಾಗಬೇಕಿಲ್ಲ. ಶ್ರೀಜಯತೀರ್ಥರ ‘ಪ್ರಮಾಣಪದ್ಧತಿ’ಯು ಪ್ರತ್ಯಕ್ಷ, ಅನುಮಾನ, ಆಗಮ ಈ ಮೂರಕ್ಕೂ ‘ನಿರ್ದೋಷ’ವಾಗಿರಬೇಕೆಂಬ ನಿಬಂಧನೆಯನ್ನು ಹಾಕುತ್ತದೆ. ಕಣ್ಣು ಸರಿಯಿದ್ದರೆ ಸಾಲದು. ಕಾಣುವ ವಸ್ತು ಅತಿದೂರದಲ್ಲಿದ್ದರೆ ಅಥವಾ ಬೇರೊಂದನ್ನು ಹೋಲುತ್ತಿದ್ದರೆ ಅದೂ ದೋಷವೇ. ಚಿಪ್ಪನ್ನು ಬೆಳ್ಳಿಯೆಂದು ತಿಳಿಯುವವನ ದೃಷ್ಟಾಂತ ಎಲ್ಲರಿಗೂ ಗೊತ್ತು. ಅಲ್ಲಿ ಹೊಳೆಯುವ ವಸ್ತುವೊಂದು ನಿಜವಾಗಿಯೂ ಇದೆ, ನೋಡಿದವನು ಸುಳ್ಳುಗಾರನೂ ಅಲ್ಲ. ಆದರೂ ಬೆಳ್ಳಿ ಮಾತ್ರ ಅಲ್ಲಿಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ಪ್ರಸಂಗವನ್ನೇ ನೋಡಬಹುದು. ನೌಕಾಪಡೆಯ ವಿದ್ಯಾಲಯದಲ್ಲಿ ಓದಿದವರು, ಪ್ರಾಮಾಣಿಕರೆಂದು ವಿರೋಧಿಗಳೂ ಒಪ್ಪಿದವರು. ಜಾರ್ಜಿಯಾ ರಾಜ್ಯದ ಲಿಯರಿ ಎಂಬ ಊರಿನಲ್ಲಿ ಲಯನ್ಸ್ ಕ್ಲಬ್ಬಿನ ಸಭೆಗೆ ಹೋಗಿದ್ದಾಗ, ಪಶ್ಚಿಮದ ಆಕಾಶದಲ್ಲಿ ಬಣ್ಣ ಬದಲಿಸುವ ಪ್ರಖರವಾದ ಬೆಳಕೊಂದು ಅವರಿಗೂ ಜೊತೆಗಿದ್ದ ಸುಮಾರು ಹತ್ತು ಜನರಿಗೂ ಕಂಡಿತು. 1973ರಲ್ಲಿ, ರಾಜ್ಯಪಾಲರಾಗಿದ್ದಾಗ, ಅವರು ಇದನ್ನು ಲಿಖಿತವಾಗಿ ವರದಿ ಮಾಡಿದರು. ನೆನಪಿನಿಂದ ಕೊಟ್ಟ ಕಾಲ 1969ರ ಅಕ್ಟೋಬರ್. ರಾಬರ್ಟ್ ಶೀಫರ್ ಎಂಬ ಸಂಶೋಧಕರು ಲಯನ್ಸ್ ಕ್ಲಬ್ಬಿನ ದಾಖಲೆಗಳನ್ನು ಹುಡುಕಿಸಿದಾಗ ಆ ಸಭೆ ನಡೆದದ್ದು 1969ರ ಜನವರಿ 6ರಂದು ಎಂದು ತಿಳಿಯಿತು. ಸಾಕ್ಷಿ ಎಷ್ಟೇ ಸತ್ಯವಂತನಾಗಿದ್ದರೂ ನೆನಪು ಒಂಬತ್ತು ತಿಂಗಳಷ್ಟು ಜಾರಿತ್ತು! ಸರಿಯಾದ ದಿನ ಸಿಕ್ಕ ಮೇಲೆ ಆ ಸಂಜೆಯ ಆಕಾಶವನ್ನು ಗಣಿತದಿಂದ ತೆರೆದು ನೋಡುವುದು ಸಾಧ್ಯವಾಯಿತು. ಶುಕ್ರ ಗ್ರಹವು ಅದೇ ದಿಕ್ಕಿನಲ್ಲಿ ತೇಜಸ್ಸಿನಿಂದ ಬೆಳಗುತ್ತಿತ್ತು. ಸಂಶೋಧನಾ ರಾಕೆಟ್ಟೊಂದು ಮೇಲಿನ ವಾಯುಮಂಡಲದಲ್ಲಿ ಬಿಟ್ಟ ಬೇರಿಯಂ ಮೋಡವಿರಬಹುದೆಂದು ಬೇರೊಬ್ಬರು ಮುಂದೆ ವಾದಿಸಿದ್ದೂ ಉಂಟು. ವಾದ ಯಾವುದೇ ಇರಲಿ, 2024ರ ಡಿಸೆಂಬರಿನಲ್ಲಿ ದಿವಂಗತರಾದ ಕಾರ್ಟರ್ ಅವರು ತಮಗೆ ಕಂಡದ್ದು ಅನ್ಯಲೋಕದ ನೌಕೆಯೆಂದು ತಾವು ನಂಬಿಲ್ಲವೆಂದೇ ಹೇಳಿದ್ದರು. ಗುರುತು ಸಿಗದ ಬೆಳಕೊಂದನ್ನು ಕಂಡೆನೆಂಬುದಷ್ಟೇ ಅವರ ಮಾತು. ‘ಅಧ್ಯಕ್ಷರು ಅನ್ಯಗ್ರಹದ ವಿಮಾನ ಕಂಡರು’ ಎಂಬುದು ಲೋಕದ ಸೇರ್ಪಡೆ.

ಎಡ್ಗರ್ ಮಿಚೆಲ್ ಅವರ ಮಾತಿನ ಸ್ವರೂಪ ಬೇರೆ. ಅಪೋಲೋ 14ರಲ್ಲಿ ತೆರಳಿ 1971ರ ಫೆಬ್ರವರಿಯಲ್ಲಿ ಚಂದ್ರನ ಮೇಲೆ ನಡೆದ ಧೀರರು ಅವರು. ಅನ್ಯಗ್ರಹವಾಸಿಗಳು ಬಂದದ್ದು ನಿಜ, ಸರಕಾರಗಳು ಅದನ್ನು ಮುಚ್ಚಿಟ್ಟಿವೆ ಎಂದು 2008ರಲ್ಲಿ ರೇಡಿಯೋ ಸಂದರ್ಶನವೊಂದರಲ್ಲಿ ಹೇಳಿದರು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಹೊತ್ತು ಮೆರೆದವು. ಆದರೆ ತಾವು ಸ್ವತಃ ಅಂಥ ನೌಕೆಯನ್ನು ಕಂಡಿಲ್ಲವೆಂಬುದನ್ನೂ ಅವರು ಒಪ್ಪಿದ್ದರು. ಅವರ ಆಧಾರವೆಲ್ಲ ರಾಸ್ವೆಲ್ ಸೀಮೆಯ ಹಳಬರಿಂದಲೂ ಸೇನೆಯ ಕೆಲವರಿಂದಲೂ ಕೇಳಿದ ಮಾತು. ಆ ರಾಸ್ವೆಲ್ಲಿನಲ್ಲಿ 1947ರಲ್ಲಿ ಬಿದ್ದ ಅವಶೇಷವು, ಸೋವಿಯತ್ ಅಣುಸ್ಫೋಟಗಳ ಸದ್ದನ್ನು ದೂರದಿಂದ ಆಲಿಸಲು ರಹಸ್ಯವಾಗಿ ಹಾರಿಬಿಟ್ಟ ಬಲೂನುಗಳದೆಂದು ಅಮೆರಿಕದ ವಾಯುಪಡೆ 1994ರ ವರದಿಯಲ್ಲಿ ವಿವರಿಸಿದೆ. ಹೀಗಾಗಿ ಸರಕಾರ ಏನನ್ನೋ ಮುಚ್ಚಿಟ್ಟದ್ದಂತೂ ಸುಳ್ಳಲ್ಲ! ಚಂದ್ರನ ನೆಲದ ವಿಷಯದಲ್ಲಿ ಮಿಚೆಲ್ ಆಪ್ತರು, ಅವರ ಮಾತು ಪ್ರಮಾಣ. ರಾಸ್ವೆಲ್ಲಿನ ವಿಷಯದಲ್ಲಿ ಅವರು ಇತರರಂತೆಯೇ ಒಬ್ಬ ಕೇಳುಗರು. 2023ರ ಜುಲೈಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ ನುಡಿದ ಮಾಜಿ ಗುಪ್ತಚರ ಅಧಿಕಾರಿ ಡೇವಿಡ್ ಗ್ರಶ್ ಅವರ ಹೇಳಿಕೆಯೂ ಬಹುಮಟ್ಟಿಗೆ ಇತರರಿಂದ ಕೇಳಿ ತಿಳಿದದ್ದೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಾಸಾ ನೇಮಿಸಿದ ತಜ್ಞರ ತಂಡವೂ, 2024ರ ಮಾರ್ಚಿನಲ್ಲಿ ಅಲ್ಲಿನ ರಕ್ಷಣಾ ಇಲಾಖೆಯೂ ಅನ್ಯಗ್ರಹ ಮೂಲಕ್ಕೆ ಪುರಾವೆ ದೊರೆತಿಲ್ಲವೆಂದು ವರದಿ ಮಾಡಿದವು.

ಇವೆಲ್ಲ ಪರದೇಶದ ಕಥೆಗಳೆಂದು ಭಾವಿಸಬೇಕಿಲ್ಲ. 2012ರ ಆಗಸ್ಟಿನಿಂದ 2013ರ ಫೆಬ್ರವರಿಯವರೆಗೆ ಲಡಾಖಿನ ಗಡಿಯಲ್ಲಿ ಕಾವಲಿದ್ದ ಭಾರತೀಯ ಯೋಧರು ಸರೋವರವೊಂದರ ಮೇಲೆ ಗುರುತಿಸಲಾಗದ ಬೆಳಕುಗಳನ್ನು 329 ಬಾರಿ ಕಂಡು ದಾಖಲಿಸಿದರು. ಅವುಗಳಲ್ಲಿ 155 ಬಾರಿ ಆ ವಸ್ತು ಗಡಿರೇಖೆಯನ್ನು ದಾಟಿತೆಂದೂ ಬರೆಯಲಾಯಿತು. ಚೀನಾದ ಗೂಢಚಾರ ಡ್ರೋನುಗಳಿರಬಹುದೆಂಬ ಶಂಕೆ ಸಹಜವಾಗಿಯೇ ಹುಟ್ಟಿತು. ಕೊನೆಗೆ ಸೇನೆಯು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳ ನೆರವನ್ನು ಕೋರಿತು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯವನ್ನು ನಡೆಸುವ ಸಂಸ್ಥೆ ಅದು. ನಕ್ಷತ್ರಗಳ ಸ್ಥಾನದೊಂದಿಗೆ ಆ ಬೆಳಕುಗಳ ಚಲನೆಯನ್ನು ಹೋಲಿಸಿದಾಗ ಉತ್ತರ ಸ್ಪಷ್ಟವಾಯಿತು. ಸಂಜೆ ಮೂಡಿ ರಾತ್ರಿಯೆಲ್ಲ ಇರುತ್ತಿದ್ದದ್ದು ಗುರು. ಬೆಳಗಿನ ಜಾವಕ್ಕೆ ಮೂಡುತ್ತಿದ್ದದ್ದು ಶುಕ್ರ.

ಆ ಯೋಧರನ್ನು ನೋಡಿ ನಗುವವರಿದ್ದರೆ ಅದು ಅವಿವೇಕ. ಎತ್ತರದ ತೆಳುಗಾಳಿಯಲ್ಲಿ ಗ್ರಹಗಳು ಬಯಲುಸೀಮೆಯಲ್ಲಿ ಕಾಣುವುದಕ್ಕಿಂತ ಬಹಳ ಪ್ರಖರವಾಗಿ ಕಾಣುತ್ತವೆ. ಶತ್ರುವಿನ ಕಣ್ಣು ಎದುರಿಗಿರುವ ಜಾಗದಲ್ಲಿ ಸಂಶಯಪಡುವುದೇ ಅವರ ಕರ್ತವ್ಯ. ಕಂಡದ್ದನ್ನು ಅವರು ವೇಳೆ, ದಿಕ್ಕುಗಳೊಂದಿಗೆ ಬರೆದಿಟ್ಟರು, ಬಲ್ಲವರನ್ನು ಕೇಳಿದರು. ಆದುದರಿಂದಲೇ ಸತ್ಯ ಹೊರಬಂದಿತು. ಮತ್ತೊಂದು ಮಾತು. ಗುರು ಶುಕ್ರರ ಉದಯಾಸ್ತಗಳನ್ನು ನೋಡದೆ ಮದುವೆ ಮುಂಜಿಗಳಿಗೆ ಮುಹೂರ್ತವಿಡದ ಮನೆಗಳವು ನಮ್ಮ ಸಮಾಜದವು. ಆ ಗ್ರಹಗಳು ಸೂರ್ಯನ ಸಮೀಪ ಮರೆಯಾಗುವ ಕಾಲವನ್ನು ಪಂಚಾಂಗ ‘ಮೌಢ್ಯ’ವೆಂದು ಕರೆಯುತ್ತದೆ. ಮೌಢ್ಯ ಕಳೆದ ಶುಕ್ರನನ್ನು ಮಹಡಿಗೆ ಹೋಗಿ ಕಣ್ಣಾರೆ ಕಂಡವರು ಎಷ್ಟು ಜನವೋ!

ಇನ್ನು ಕುರ್ಲಾಕ್ಕೆ ತೀರ ಹತ್ತಿರದ ಒಂದು ಪ್ರಸಂಗ. 2015ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 102ನೆಯ ಅಧಿವೇಶನ ನಡೆದದ್ದು ಪಕ್ಕದ ಕಾಲಿನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದಲ್ಲಿ. ಸಂಸ್ಕೃತದ ಮೂಲಕ ಪ್ರಾಚೀನ ವಿಜ್ಞಾನ ಎಂಬ ಗೋಷ್ಠಿಯಲ್ಲಿ, ವಿಮಾನ ಚಾಲನೆಯ ತರಬೇತಿ ಸಂಸ್ಥೆಯ ಮುಖ್ಯಸ್ಥರಾಗಿ ನಿವೃತ್ತರಾದ ಕ್ಯಾಪ್ಟನ್ ಆನಂದ ಬೋಡಸ್ ಅವರು, ಪ್ರಾಚೀನ ಭಾರತದ ವಿಮಾನಗಳು ದೇಶದಿಂದ ದೇಶಕ್ಕೆ ಮಾತ್ರವಲ್ಲದೆ ಗ್ರಹದಿಂದ ಗ್ರಹಕ್ಕೂ ಹಾರುತ್ತಿದ್ದವೆಂದು ಪ್ರತಿಪಾದಿಸಿದರು. ವೇದಿಕೆ ದೊಡ್ಡದು, ಮಾತನಾಡಿದವರು ವಿಮಾನ ಬಲ್ಲವರು. ಕೇಳಿದವರ ಎದೆ ಉಬ್ಬಿದ್ದರೆ ಆಶ್ಚರ್ಯವಿಲ್ಲ.

ಈ ವಾದಕ್ಕೆ ಆಧಾರವೆಂದು ಸಾಮಾನ್ಯವಾಗಿ ಎತ್ತಿ ಹಿಡಿಯುವ ಗ್ರಂಥ ‘ವೈಮಾನಿಕ ಶಾಸ್ತ್ರ’. ಭರದ್ವಾಜ ಮಹರ್ಷಿಗಳದೆಂದು ಹೇಳಲಾಗುವ ಇದನ್ನು ಬರೆಯಿಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. ಇಂಗ್ಲಿಷ್ ಅನುವಾದದೊಂದಿಗೆ 1973ರಲ್ಲಿ ಪ್ರಕಟಿಸಿದವರು ಮೈಸೂರಿನ ಜಿ. ಆರ್. ಜೋಸಯರ್. ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಅದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಅವರು ಗ್ರಂಥವನ್ನು ಓದದೆ ತಳ್ಳಿಹಾಕಲಿಲ್ಲವೆಂಬುದು ಗಮನಾರ್ಹ. ಭಾಷೆಯನ್ನೂ ಶೈಲಿಯನ್ನೂ ಪರೀಕ್ಷಿಸಿದರು, ಗ್ರಂಥ ಬಂದ ಬಗೆಯನ್ನು ವಿಚಾರಿಸಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ರಚನೆಯನ್ನು ವಾಯುಚಲನೆಯ ನಿಯಮಗಳೊಂದಿಗೆ ತೂಗಿ ನೋಡಿದರು. ಗ್ರಂಥವು 1904ಕ್ಕಿಂತ ಹಿಂದಿನದಾಗಿರಲಾರದು, ಆ ವಿಮಾನಗಳಲ್ಲಿ ಯಾವುದಕ್ಕೂ ಹಾರುವ ಯೋಗ್ಯತೆಯಿಲ್ಲ ಎಂಬುದು ಅವರ ನಿರ್ಣಯ. ಚಿತ್ರಗಳೂ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರರೊಬ್ಬರು ಬರೆದವುಗಳೇ.

ರಾಮಾಯಣದ ಪುಷ್ಪಕದ ಮಹಿಮೆಗೆ ಇದರಿಂದ ಏನೂ ಕುಂದಿಲ್ಲ. ಕಳೆದ ಶತಮಾನದ ಬರಹವೊಂದನ್ನು ಋಷಿವಾಕ್ಯವೆಂದು ಹೇಳಿ, ಆ ಬರಹ ಬಿದ್ದಾಗ ಋಷಿಗಳ ಹೆಸರೂ ಜೊತೆಗೆ ಬೀಳುವಂತೆ ಮಾಡುವುದೇ ಶಾಸ್ತ್ರಕ್ಕೆ ಬರುವ ನಿಜವಾದ ಅಪಚಾರ. ಮಠದಲ್ಲಿ ಪಾಠ ಕೇಳಿ, ಕಾಲೇಜಿನಲ್ಲಿ ಭೌತವಿಜ್ಞಾನ ಓದುವ ಹುಡುಗ ಹುಡುಗಿಯರು ಆ 1974ರ ಲೇಖನವನ್ನು ಒಂದಲ್ಲ ಒಂದು ದಿನ ಓದಿಯೇ ಓದುತ್ತಾರೆ. ಅಂದು ಅವರು ಹಿರಿಯರ ಇತರ ಮಾತುಗಳನ್ನೂ ಅದೇ ತಕ್ಕಡಿಯಲ್ಲಿಟ್ಟರೆ ತಪ್ಪು ಯಾರದು?

ಮೊದಲಾದರೆ ಗಣ್ಯರು ಏನು ಹೇಳಿದರೆಂಬುದೊಂದೇ ಪ್ರಶ್ನೆಯಿತ್ತು. ಈಗ ಅವರೇ ಹೇಳಿದರೇ ಎಂಬುದೂ ಪ್ರಶ್ನೆ. 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್ ಅವರ ಮುಖ, ಧ್ವನಿಗಳನ್ನು ಯಂತ್ರದಿಂದ ನಕಲು ಮಾಡಿ ಆಟದ ಆ್ಯಪ್ ಒಂದಕ್ಕೆ ಪ್ರಚಾರ ಮಾಡಲಾಗಿತ್ತು. ಅದು ನಕಲಿಯೆಂದು ಅವರೇ ಎಚ್ಚರಿಸಬೇಕಾಯಿತು. ಅದೇ ಏಪ್ರಿಲಿನಲ್ಲಿ, ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿರುವ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ತನ್ನ ಮುಖ್ಯಸ್ಥರು ಷೇರುಗಳನ್ನು ಶಿಫಾರಸು ಮಾಡುವಂತೆ ತೋರಿಸುವ ನಕಲಿ ದೃಶ್ಯಗಳ ಬಗ್ಗೆ ಪ್ರಕಟಣೆ ಹೊರಡಿಸಿತು. ಹಾರುವ ತಟ್ಟೆಯನ್ನು ನಂಬಿದರೆ ಮನೆಯ ಗಂಟೇನೂ ಹೋಗದು. ಆದರೆ ಮುಖ ನೋಡಿ ಮಾತು ನಂಬುವ ಅದೇ ಅಭ್ಯಾಸ ನಿವೃತ್ತರ ಉಳಿತಾಯದ ಬಾಗಿಲನ್ನೂ ತೆರೆಯುತ್ತದೆ.

ಹಾಗೆಂದು ಆಕಾಶದಲ್ಲಿ ಏನೋ ಕಂಡೆವೆಂದವರನ್ನೆಲ್ಲ ಹೀಯಾಳಿಸುವುದೂ ಸಲ್ಲದು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಉದ್ದಗಲಕ್ಕೂ ಜನರು ಬೆಂಕಿಯ ಗೆರೆಗಳನ್ನು ಕಂಡರು. ಚಂದ್ರಪುರ ಜಿಲ್ಲೆಯ ಲಾಡಬೋರಿ ಗ್ರಾಮದಲ್ಲಿ ದೊಡ್ಡ ಲೋಹದ ಬಳೆಯೊಂದು ನೆಲಕ್ಕೆ ಬಿದ್ದಿತು. ಹಳ್ಳಿಗರು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಚೀನಾದ ರಾಕೆಟ್ಟಿನ ಭಾಗವದು ಎಂಬುದು ಕಕ್ಷೆಗಳ ಲೆಕ್ಕ ಬಲ್ಲವರಿಂದ ತಿಳಿಯಿತು.

ಕುರ್ಲಾ, ಘಾಟ್ಕೋಪರ್ ಮೇಲಿನಿಂದ ವಿಮಾನಗಳು ನಿಲ್ದಾಣಕ್ಕೆ ಇಳಿಯುತ್ತವೆ. ನೇರವಾಗಿ ನೋಡುಗನತ್ತ ಬರುವ ವಿಮಾನದ ಮುಂದೀಪವು ಎಷ್ಟೋ ಹೊತ್ತು ಒಂದೇ ಕಡೆ ನಿಂತಂತೆ ತೋರುತ್ತದೆ. ಹತ್ತಿರ ಬಂದ ಮೇಲಷ್ಟೇ ಕೆಂಪು ಹಸಿರು ದೀಪಗಳು ಬೇರ್ಪಟ್ಟು ಸದ್ದು ಕೇಳುತ್ತದೆ. ಪಶ್ಚಿಮದಲ್ಲಿ ಕಂಡ ಬೆಳಕು ಶುಕ್ರನಾದರೆ ಎದುರಿನ ಕಟ್ಟಡದ ಅಂಚಿಗೆ ಸಮನಾಗಿ ಹಿಡಿದು ನೋಡಿದಾಗ ಕಾಲು ಗಂಟೆಯಲ್ಲಿ ತುಸು ಕೆಳಗಿಳಿದಿರುತ್ತದೆ. ಎರಡೂ ಅಲ್ಲವಾದರೆ ವೇಳೆಯನ್ನೂ ದಿಕ್ಕನ್ನೂ ಆ ದಿನದ ಪಂಚಾಂಗದ ಪುಟದಲ್ಲಿಯೇ ಗುರುತು ಹಾಕಿಕೊಳ್ಳಬಹುದು. ವರ್ಲಿಯ ನೆಹರೂ ತಾರಾಲಯ ಕುರ್ಲಾದಿಂದ ಬಹಳ ದೂರವೇನೂ ಇಲ್ಲ.