ಲಿನಕ್ಸ್ ಕಲಿಸಿದ ಮೊದಲ ಪಾಠಗಳು



ಕಂಪ್ಯೂಟರಿಗೆ ಹೊಸ ತಂತ್ರಾಂಶ ಬೇಕಾದಾಗ ನಾವು ಏನು ಮಾಡುತ್ತೇವೆ? ಗೆಳೆಯನ ಪೆನ್‌ಡ್ರೈವ್ ಕೇಳುತ್ತೇವೆ. ಇಲ್ಲವೇ ಅಂತರ್ಜಾಲದಲ್ಲಿ ಮೊದಲು ಸಿಕ್ಕಿದ್ದನ್ನು ಇಳಿಸಿಕೊಳ್ಳುತ್ತೇವೆ. ಹಣ ಕೊಟ್ಟು ಕೊಳ್ಳಬೇಕಾದದ್ದಾದರೆ ಕದ್ದ ಪ್ರತಿಯನ್ನು ಹುಡುಕುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಅಂಥದೊಂದು ಪ್ರತಿಯ ಜೊತೆ ಬಂದ ವೈರಸ್, ಪದವಿಯ ಕೊನೆಯ ವರ್ಷದ ನನ್ನ ಪ್ರಾಜೆಕ್ಟ್ ವರದಿಯನ್ನು ನುಂಗಿಹಾಕಿತು. ಒಪ್ಪಿಸಲು ಉಳಿದದ್ದು ನಾಲ್ಕೇ ದಿನ. ನಿದ್ದೆಗೆಟ್ಟು ಎಲ್ಲವನ್ನೂ ಮತ್ತೆ ಬರೆದೆ. ಪರರ ವಸ್ತುವನ್ನು ಕೇಳದೆ ಮುಟ್ಟಬಾರದೆಂದು ಮನೆಯಲ್ಲಿ ಕಲಿತಿದ್ದ ನಾನು ಕಂಪ್ಯೂಟರಿನ ಮುಂದೆ ಮಾತ್ರ ಅದನ್ನು ಮರೆತಿದ್ದೆ.

ಅದಾದ ಮೇಲೆ ನನ್ನ ಹಳೆಯ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಇದನ್ನು ಹಲವು ದೇಶಗಳ ಸ್ವಯಂಸೇವಕರು ನಡೆಸುತ್ತಾರೆ. ಇಲ್ಲಿ ತಂತ್ರಾಂಶಗಳಿಗಾಗಿ ಊರೂರು ಅಲೆಯಬೇಕಿಲ್ಲ. ಅವೆಲ್ಲ ಒಂದು ದೊಡ್ಡ ಉಗ್ರಾಣದಲ್ಲಿರುತ್ತವೆ. ಅದಕ್ಕೆ ರೆಪೊಸಿಟರಿ ಎನ್ನುತ್ತಾರೆ. 2023ರಲ್ಲಿ ಬಂದ 12ನೇ ಆವೃತ್ತಿಯಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಕನ್ನಡದ ‘ಗುಬ್ಬಿ’, ‘ನವಿಲು’ ಫಾಂಟುಗಳೂ ಈ ಉಗ್ರಾಣದಲ್ಲಿವೆ. ಉಗ್ರಾಣದ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದರೆ ನಮ್ಮ ಕಂಪ್ಯೂಟರ್ ಅದನ್ನು ಪತ್ತೆಹಚ್ಚುತ್ತದೆ.

ಮೊದಲ ದಿನದ ನನ್ನ ಪೇಚಾಟ ಕೇಳಿ. ಟರ್ಮಿನಲ್ ತೆರೆದು ಪಾಸ್‌ವರ್ಡ್ ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಲಿಮಣೆ ಕೆಟ್ಟಿದೆ ಎಂದುಕೊಂಡೆ! ಗುಟ್ಟು ಉಳಿಯಲೆಂದು ಅಲ್ಲಿ ಏನನ್ನೂ ತೋರಿಸುವುದಿಲ್ಲ ಎಂದು ಆಮೇಲೆ ತಿಳಿಯಿತು. ‘ಆಪ್ಟ್ ಅಪ್‌ಡೇಟ್’ ಎಂದು ಆಜ್ಞೆ ಕೊಟ್ಟು, ಎಲ್ಲವೂ ಹೊಸದಾಯಿತೆಂದು ಸುಮ್ಮನಾದೆ. ಅದು ಉಗ್ರಾಣದ ಪಟ್ಟಿಯನ್ನಷ್ಟೇ ಹೊಸದಾಗಿ ತರುತ್ತದೆ. ತಂತ್ರಾಂಶಗಳು ಹೊಸದಾಗಲು ‘ಆಪ್ಟ್ ಅಪ್‌ಗ್ರೇಡ್’ ಎನ್ನಬೇಕು.

ಹಾಡು, ಚಲನಚಿತ್ರಗಳಿಗಾಗಿ ‘ವಿಎಲ್‌ಸಿ’ ಕೇಳಿದಾಗ ಅದರ ಜೊತೆ ಉದ್ದನೆಯ ಇನ್ನೊಂದು ಪಟ್ಟಿಯೇ ಬಂತು. ಒಂದು ತಂತ್ರಾಂಶ ನಡೆಯಲು ಬೇರೆ ಹಲವು ಬೇಕು. ಅವುಗಳನ್ನು ಆಪ್ಟ್ ತಾನಾಗಿಯೇ ಲೆಕ್ಕಹಾಕಿ ತರುತ್ತದೆ. ಮುಂದುವರಿಯುವ ಮೊದಲು ‘ಹೌದೇ, ಅಲ್ಲವೇ’ ಎಂದು ನಮ್ಮನ್ನು ಕೇಳುತ್ತದೆ.

ಈ ಪ್ರಶ್ನೆಯಲ್ಲೇ ನಾನು ಎಡವಿದ್ದು. ಬೇಡವೆನಿಸಿದ ಒಂದು ವಿಡಿಯೋ ಪ್ಲೇಯರ್ ತೆಗೆಯಲು ಹೋದೆ. ಅದರ ಜೊತೆಗೆ ಏನೇನು ಹೋಗುತ್ತದೆಂಬ ಪಟ್ಟಿ ಪರದೆಯ ಮೇಲೇ ಇತ್ತು. ಓದದೆ ‘ಹೌದು’ ಎಂದೆ. ಮರಳಿ ಆರಂಭಿಸಿದಾಗ ಡೆಸ್ಕ್‌ಟಾಪೇ ಇಲ್ಲ, ಬರೀ ಕಪ್ಪು ಪರದೆ! ಮತ್ತೆ ವರದಿ ಕಳೆದ ದಿನದ ಹಾಗೆಯೇ ಎದೆ ಹೊಡೆದುಕೊಂಡಿತು. ಆದರೆ ಈ ಸಲ ನನ್ನ ಕಡತಗಳು ಇದ್ದಲ್ಲೇ ಇದ್ದವು. ಆ ಕಪ್ಪು ಪರದೆಯಲ್ಲೇ ಆಜ್ಞೆ ಕೊಟ್ಟು ಡೆಸ್ಕ್‌ಟಾಪನ್ನು ಉಗ್ರಾಣದಿಂದ ಮತ್ತೆ ತರಿಸಿಕೊಂಡೆ.

ಎರಡು ಅನಾಹುತಗಳ ವ್ಯತ್ಯಾಸ ನೋಡಿ. ಮೊದಲನೆಯದರಲ್ಲಿ ಏನಾಯಿತೆಂಬುದೇ ನನಗೆ ತಿಳಿಯಲಿಲ್ಲ. ಎರಡನೆಯದರಲ್ಲಿ ಯಂತ್ರ ಮೊದಲೇ ಹೇಳಿತ್ತು, ನಾನು ಓದಿರಲಿಲ್ಲ ಅಷ್ಟೆ.

ವಿದ್ಯಾರ್ಥಿಗಳೇ, ಲಿನಕ್ಸ್‌ನಲ್ಲಿ ಕಷ್ಟಗಳಿಲ್ಲ ಎಂದು ನಾನು ಹೇಳುವುದಿಲ್ಲ. ನಮಗೆ ಬೇಕಾದ ಕೆಲವು ತಂತ್ರಾಂಶಗಳು ಅದಕ್ಕೆ ಸಿಗದೆಯೂ ಇರಬಹುದು. ಮೊದಲು ಹಳೆಯ ಕಂಪ್ಯೂಟರಿನಲ್ಲಿ ಪ್ರಯೋಗ ಮಾಡಿ. ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ. ಉಗ್ರಾಣದಲ್ಲಿ ಸಿಗುವುದನ್ನು ಅಪರಿಚಿತ ಜಾಗಗಳಿಂದ ತರಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಹೌದು’ ಎನ್ನುವ ಮೊದಲು ಓದಿ.

ಶುಲ್ಕ ಕಟ್ಟಲೇ ಪರದಾಡುವ ಮನೆಯ ಹುಡುಗ ಹುಡುಗಿಯರೂ ಇಲ್ಲಿ ಕುಳಿತಿದ್ದೀರಿ. ಕದಿಯದೆ, ಯಾರಿಗೂ ಹೆದರದೆ ಬಳಸಬಹುದಾದ, ಗೆಳೆಯರಿಗೂ ಹಂಚಬಹುದಾದ ಒಂದು ಉಗ್ರಾಣ ನಿಮಗಾಗಿ ತೆರೆದಿದೆ. ಅದರ ಪ್ರಯೋಜನ ಪಡೆಯಿರಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.